ಮಕ್ಕಳ ಕಾರ್ಟೂನ್, ಪಕ್ಕದಲ್ಲಿ ದೊಡ್ಡವರು: ಯಾರ ಜೊತೆ ಯಾವುದನ್ನು ನೋಡಬಹುದು?

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರ್ಟೂನಿಗೂ ಮಳೆಗಾಲ. ರೆಡ್ ಅಲರ್ಟ್ ಅಂತ ಶಾಲೆಗೆ ರಜೆ, ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಕಾರವಾರ, ಅಂಕೋಲಾ, ಹೊನ್ನಾವರದ ಎಷ್ಟೋ ಮನೆಗಳಲ್ಲಿ ಅಪ್ಪಂದಿರೂ ಮನೆಯಲ್ಲೇ. ಟಿವಿ ಒಂದೇ, ರಿಮೋಟ್ ಮಕ್ಕಳ ಕೈಯಲ್ಲಿ.

ಆಗ ಎರಡು ತರದ ಜನ ಪ್ರಶ್ನೆ ಕೇಳುತ್ತಾರೆ. "ಹತ್ತು ನಿಮಿಷ ಕೂತರೆ ತಲೆ ಚಿಟ್ಟು ಹಿಡಿಯುತ್ತದೆ, ಸ್ವಲ್ಪ ಸಹಿಸಿಕೊಳ್ಳುವಂಥದ್ದು ಯಾವುದಾದರೂ ಇದ್ದರೆ ಹೇಳಿ" ಎನ್ನುವವರು ಕೆಲವರು. "ಮಗ ಎದ್ದು ಹೋದ ಮೇಲೂ ನಾನೇ ಕೂತು ನೋಡ್ತೇನೆ, ಇದು ಸರಿಯಾ?" ಎಂದು ನಾಚಿಕೊಂಡು ಕೇಳುವವರು ಇನ್ನು ಕೆಲವರು. ಎರಡನೆಯವರಿಗೆ ಉತ್ತರ ಸುಲಭ. ಸರಿ, ನೋಡಿ. ಅದರಲ್ಲಿ ನಾಚಿಕೆ ಏನು ಬಂತು?

ಮೊದಲನೆಯವರಿಗೆ ಉತ್ತರ ಸ್ವಲ್ಪ ಉದ್ದ. ನಾವು ಕಾರ್ಟೂನ್ ಆರಿಸುವಾಗ ಮಗುವಿನ ವಯಸ್ಸು ಮಾತ್ರ ನೋಡುತ್ತೇವೆ. ಪಕ್ಕ ಕೂರುವವರು ಯಾರು ಅಂತ ಯಾರೂ ನೋಡುವುದಿಲ್ಲ. ಅಜ್ಜಿಗೆ ಹಿಡಿಸುವುದು ಬೇರೆ, ಕೆಲಸ ಮುಗಿಸಿ ಬಂದ ಅಪ್ಪನಿಗೆ ಹಿಡಿಸುವುದು ಬೇರೆ, ಕಾಲೇಜಿಗೆ ಹೋಗುವ ಅಕ್ಕನಿಗೆ ಇನ್ನೂ ಬೇರೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದ್ದು ಓದಿ.

ಏನೇನು ನೋಡಬೇಕು?

ಮೊದಲು, ಕಥೆಯೊಳಗೆ ದೊಡ್ಡವರಿಗೆ ಜಾಗ ಇದೆಯಾ ನೋಡಿ. ಅಲ್ಲಿ ಬರುವ ಅಪ್ಪ ಅಮ್ಮ ಬರೀ ಬೈದು, ಊಟಕ್ಕೆ ಕರೆದು ಹೋಗುವವರಾದರೆ ನಮಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈ ಸತ್ಯ ಮಕ್ಕಳ ಕಾರ್ಯಕ್ರಮ ಮಾಡುವವರಿಗೆ ಯಾವಾಗಲೋ ಗೊತ್ತಾಗಿದೆ. 1969ರಲ್ಲಿ ಅಮೆರಿಕದಲ್ಲಿ ಸೆಸಮಿ ಸ್ಟ್ರೀಟ್ ಶುರುವಾದಾಗ ಬೇಕೆಂದೇ ದೊಡ್ಡವರಿಗೆ ತಟ್ಟುವ ತಮಾಷೆಗಳನ್ನು ಸೇರಿಸಿದರು, ಹೆಸರಾಂತ ಕಲಾವಿದರನ್ನು ಕರೆಸಿದರು. ಅಪ್ಪ ಅಮ್ಮ ಪಕ್ಕದಲ್ಲಿ ಕೂತು ನೋಡಿದರೆ ಮಗು ಜಾಸ್ತಿ ಕಲಿಯುತ್ತದೆ ಎನ್ನುವ ಲೆಕ್ಕಾಚಾರ ಅದರ ಹಿಂದಿತ್ತು.

ಆಮೇಲೆ ಭಾಷೆ. ನಮ್ಮ ಕಡೆ ಇದೇ ದೊಡ್ಡ ತೊಡಕು. ಕಾರವಾರದ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ, ಟಿವಿಯಲ್ಲಿ ಹಿಂದಿ. ಶಿರಸಿ, ಸಿದ್ದಾಪುರದ ಕಡೆ ಮಾಣಿ, ಅಂದರೆ ಮನೆಯ ಹುಡುಗ, ಹಿಂದಿಯಲ್ಲಿ ಡೈಲಾಗ್ ಹೊಡೆದರೆ ಅಜ್ಜನಿಗೆ ತಲೆಬುಡ ತಿಳಿಯುವುದಿಲ್ಲ. "ಹಿರಿಯರಿಗೆ ಕಾರ್ಟೂನ್ ಆಗಿಬರೋದಿಲ್ಲ" ಅಂತ ನಾವು ಹೇಳುವಾಗ ಎಷ್ಟೋ ಸಲ ಸಮಸ್ಯೆ ಇಷ್ಟೇ ಇರುತ್ತದೆ. 2009ರಲ್ಲಿ ಚಿಂಟು ಟಿವಿ ಬಂದು ಮಕ್ಕಳ ಕಾರ್ಟೂನಿಗೆ ಕನ್ನಡ ಮಾತು ಕೊಟ್ಟಿತು. ಸಿನಿಮಾ, ಧಾರಾವಾಹಿಗೆ ಡಬ್ಬಿಂಗ್ ಬೇಡವೇ ಬೇಡ ಎನ್ನುವ ಪಟ್ಟು ಗಟ್ಟಿಯಾಗಿದ್ದ ಕಾಲ ಅದು. ಮಕ್ಕಳ ಪಾಲಿಗೆ ಮಾತ್ರ ಬಾಗಿಲು ತೆರೆದಿತ್ತು. ಈಗ ಬೇರೆ ಕೆಲವು ಮಕ್ಕಳ ಚಾನೆಲ್‌ಗಳಲ್ಲೂ ಕನ್ನಡ ಆಡಿಯೋ ಸಿಗುತ್ತದೆ. ಆದರೆ ಡಿಶ್ ಹಾಕುವಾಗ ಹಿಂದಿಗೋ ಇಂಗ್ಲಿಷಿಗೋ ಇಟ್ಟು ಹೋದದ್ದನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ರಿಮೋಟ್‌ನಲ್ಲಿ ಭಾಷೆಯ ಗುಂಡಿ ಇರುತ್ತದೆ, ಒಮ್ಮೆ ಒತ್ತಿ ನೋಡಿ.

ಮತ್ತೆ ಮತ್ತೆ ನೋಡಲು ಆಗುತ್ತದಾ ಅನ್ನೋದು ಮೂರನೆಯದು. ಮಕ್ಕಳಿಗೆ ಅದೇ ಕಂತು ನೂರು ಸಲ ಬೇಕು. ಇದು ಹಟ ಅಂತ ತಿಳಿಯಬೇಡಿ. ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಿರುವುದೇ ಅವರಿಗೆ ಖುಷಿ. 1996ರಲ್ಲಿ ಶುರುವಾದ ಬ್ಲೂಸ್ ಕ್ಲೂಸ್ ಎನ್ನುವ ಅಮೆರಿಕದ ಕಾರ್ಯಕ್ರಮದವರು ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಹಾಕುತ್ತಿದ್ದರು. ದಿನ ಕಳೆದಂತೆ ಮಕ್ಕಳು ಬೇಸರ ಮಾಡಿಕೊಳ್ಳುವ ಬದಲು ಟಿವಿಗೆ ಜೋರಾಗಿ ಉತ್ತರ ಹೇಳುತ್ತಿದ್ದರು, ಒಗಟನ್ನು ಬೇಗ ಬಿಡಿಸುತ್ತಿದ್ದರು. ದೊಡ್ಡವರಿಗೆ ಎರಡನೇ ದಿನಕ್ಕೇ ಸಾಕಾಗಿರುತ್ತದೆ. ನಾವು ಕಥೆ ಏನಾಯಿತು ಅಂತ ನೋಡುವವರು. ಅದು ತಿಳಿದ ಮೇಲೆ ನಮಗೆ ಅಲ್ಲಿ ಕೆಲಸವಿಲ್ಲ. ಎರಡನೇ ಸಲ ನೋಡಿದಾಗಲೂ ಹೊಸತೇನಾದರೂ ಕಣ್ಣಿಗೆ ಬೀಳುವ ಕಾರ್ಟೂನ್ ಆದರೆ ಮಾತ್ರ ದೊಡ್ಡವರು ಉಳಿಯುತ್ತಾರೆ.

ನಾಲ್ಕನೆಯದು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ನಮ್ಮಲ್ಲಿ ಬಹಳ ಮುಖ್ಯ. ನಿಮ್ಮ ಕಣ್ಣು ಖಾಲಿ ಇದೆಯಾ, ಕಿವಿ ಮಾತ್ರ ಖಾಲಿ ಇದೆಯಾ? ಶಿರಸಿ ಕಡೆ ಅಡಿಕೆ ಕೊಯ್ಲು ಶುರುವಾದ ಮೇಲೆ ರಾತ್ರಿ ಊಟ ಮುಗಿಸಿ ಎಲ್ಲರೂ ಸುಲಿಯಲು ಕೂರುತ್ತಾರೆ. ಎದುರಿಗೆ ಟಿವಿ ಇರುತ್ತದೆ, ಆದರೆ ಕಣ್ಣು ಮೆಟ್ಟುಗತ್ತಿಯ ಮೇಲೆ. ಕಣ್ಣು ಅಲ್ಲಿಂದ ಸರಿದರೆ ಬೆರಳು ಹೋಯಿತು. ಅಂಥ ಹೊತ್ತಿಗೆ ಮಾತಿಲ್ಲದ ಕಾರ್ಟೂನ್ ಹಾಕಿದರೆ ದೊಡ್ಡವರಿಗೆ ಕೇಳುವುದು ಬರೀ ಢಮಾರ್ ಢುಮೀರ್.

ಕೊನೆಗೆ ಖರ್ಚು ಮತ್ತು ಕರೆಂಟು. ಟಿವಿ ಪ್ಯಾಕಿನಲ್ಲೇ ಬರುವುದಕ್ಕೂ, ತಿಂಗಳಿಗೆ ಹಣ ಕಟ್ಟುವ ಆ್ಯಪ್‌ನಲ್ಲಿ ಮಾತ್ರ ಸಿಗುವುದಕ್ಕೂ ವ್ಯತ್ಯಾಸ ಇದೆ. ಲೈನಿನ ಮೇಲೆ ಮರ ಬಿದ್ದರೆ ಎರಡೂ ಇಲ್ಲ ಬಿಡಿ.

ಟಾಮ್ ಅಂಡ್ ಜೆರ್ರಿ

ಇದು ದೊಡ್ಡವರಿಗೆ ಹಿಡಿಸುವುದರಲ್ಲಿ ಆಶ್ಚರ್ಯ ಇಲ್ಲ. ಮೊದಲಿಗೆ ಇದನ್ನು ಮಾಡಿದ್ದು ಚಿತ್ರಮಂದಿರಕ್ಕೆ. ವಿಲಿಯಂ ಹನ್ನಾ, ಜೋಸೆಫ್ ಬಾರ್ಬೆರಾ ಇಬ್ಬರೂ ಸೇರಿ 1940ರಲ್ಲಿ ಶುರು ಮಾಡಿದರು. ಸಿನಿಮಾಕ್ಕೆ ಟಿಕೆಟ್ ತೆಗೆದುಕೊಂಡು ಬಂದ ಅಪ್ಪ, ಅಮ್ಮ, ಹುಡುಗರು ಎಲ್ಲರನ್ನೂ ಏಳೆಂಟು ನಿಮಿಷ ನಗಿಸಬೇಕಿತ್ತು. ಏಳು ಆಸ್ಕರ್ ಕೂಡ ಬಂದಿವೆ. ಮಕ್ಕಳ ಚಾನೆಲ್‌ಗೆ ಬಂದದ್ದು ಆಮೇಲಿನ ಕಥೆ.

ಎರಡನೇ ಸಲ ನೋಡುವಾಗ ಸಂಗೀತ ಗಮನಿಸಿ. ಸ್ಕಾಟ್ ಬ್ರಾಡ್ಲಿ ಎನ್ನುವವರು ಒಂದೊಂದು ಹೆಜ್ಜೆಗೂ, ಹುಬ್ಬು ಏರಿಸಿದ್ದಕ್ಕೂ ಲೆಕ್ಕ ಹಾಕಿ ಸ್ವರ ಕೂರಿಸಿದ್ದಾರೆ. ಯಕ್ಷಗಾನದಲ್ಲಿ ವೇಷದ ಹೆಜ್ಜೆಗೆ ಚಂಡೆ ಬೀಳುತ್ತದಲ್ಲ, ಹಾಗೆ. ಟಾಮ್ ಪಿಯಾನೋ ನುಡಿಸುವ, ಜೆರ್ರಿ ಪಿಯಾನೋದ ಒಳಗೆ ಮಲಗಿರುವ ಕಂತು ಒಂದಿದೆ. ಲಿಸ್ಟ್ ಎನ್ನುವ ಸಂಗೀತಗಾರನ ಎರಡನೇ ಹಂಗೇರಿಯನ್ ರಾಪ್ಸೊಡಿ ಎನ್ನುವ ಕೃತಿ ಪೂರ್ತಿ ಕಥೆಯನ್ನು ಎಳೆದುಕೊಂಡು ಹೋಗುತ್ತದೆ. ತಾಳದ ಕಿವಿ ಇರುವ ಅಜ್ಜನನ್ನು ಅದರ ಮುಂದೆ ಕೂರಿಸಿ ನೋಡಿ.

ಭಾಷೆಯ ತೊಂದರೆ ಇಲ್ಲವೇ ಇಲ್ಲ. ಖರ್ಚೂ ಕಡಿಮೆ. ಆದರೆ ಹೊಡೆದಾಟ ಜಾಸ್ತಿ. ಬಾಣಲೆಯಲ್ಲಿ ತಲೆಗೆ ಹೊಡೆದರೂ ಟಾಮ್ ಎದ್ದು ಓಡುತ್ತಾನೆ. ಮೂರು ವರ್ಷದ ತಮ್ಮ ಹಾಗೆ ಎದ್ದು ಓಡುವುದಿಲ್ಲ ಅಂತ ಐದು ವರ್ಷದ ಅಣ್ಣನಿಗೆ ಹೇಳಬೇಕಾಗುತ್ತದೆ. ಹಳೆಯ ಕೆಲವು ಕಂತುಗಳಲ್ಲಿ ಕಪ್ಪು ಜನಾಂಗದ ಕೆಲಸದಾಕೆಯನ್ನು ತೋರಿಸಿದ ರೀತಿಯೂ ಇವತ್ತಿಗೆ ಚಂದ ಕಾಣುವುದಿಲ್ಲ. ಇನ್ನು, ಮೊದಲೇ ಹೇಳಿದ ಹಾಗೆ, ಅಡಿಕೆ ಸುಲಿಯುವವರಿಗೆ ಇದು ಉಪಯೋಗ ಇಲ್ಲ.

ಶಾನ್ ದ ಶೀಪ್, ಪಿಂಗು

ಮಾತಿಲ್ಲದೆ, ಜಾಸ್ತಿ ಹೊಡೆದಾಟವೂ ಇಲ್ಲದೆ ಬೇಕು ಅಂದರೆ ಇವೆರಡು. ಬ್ರಿಟನ್ನಿನ ಬ್ರಿಸ್ಟಲ್ ಊರಿನ ಆರ್ಡ್‌ಮನ್ ಸ್ಟುಡಿಯೋ 2007ರಲ್ಲಿ ಶಾನ್ ಕುರಿಯ ಸರಣಿ ಶುರು ಮಾಡಿತು. ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಫೋಟೋ ತೆಗೆದು, ಮತ್ತೆ ಸರಿಸಿ ತೆಗೆದು ಮಾಡಿದ್ದು. ಇದನ್ನು ಮಗುವಿಗೆ ಹೇಳಿದರೆ ಮಾರನೇ ದಿನ ಮನೆಯ ಹಿಟ್ಟಿನ ಡಬ್ಬಿ ಖಾಲಿ, ಅದು ಬೇರೆ ವಿಷಯ. ಪಿಂಗು 1990ರಿಂದ ಬಂದ ಸ್ವಿಟ್ಜರ್ಲೆಂಡಿನ ಮಣ್ಣಿನ ಗೊಂಬೆ ಪೆಂಗ್ವಿನ್. ಅದು ಮಾತಾಡುತ್ತದೆ, ಆದರೆ ಯಾವ ದೇಶದ ಭಾಷೆಯೂ ಅಲ್ಲ. ಹಾಗಾಗಿ ಅಜ್ಜಿಗೆ ಎಷ್ಟು ತಿಳಿಯುತ್ತದೋ ಮೊಮ್ಮಗಳಿಗೂ ಅಷ್ಟೇ ತಿಳಿಯುತ್ತದೆ.

ಶಾನ್‌ನಲ್ಲಿ ದೊಡ್ಡವರಿಗೆ ಇಟ್ಟ ಜಾಗ ಬಿಟ್ಜರ್ ಎನ್ನುವ ನಾಯಿ. ಕುರಿಗಳು ಮಾಡುವ ಕಿತಾಪತಿ ಯಜಮಾನನಿಗೆ ಗೊತ್ತಾಗಬಾರದು, ಕುರಿಗಳನ್ನು ತಡೆಯಲೂ ಆಗುವುದಿಲ್ಲ. ಮೇಲಿನವರು ಕೆಳಗಿನವರ ನಡುವೆ ಸಿಕ್ಕಿಕೊಂಡು ನೌಕರಿ ಮಾಡುವವರು ಇವನನ್ನು ನೋಡಿ ಪಾಪ ಅಂದುಕೊಳ್ಳುತ್ತಾರೆ. ಇವುಗಳ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ಬೇಕಾದಷ್ಟು ಪುಕ್ಕಟೆ ಸಿಗುತ್ತವೆ. ಆದರೆ ಯೂಟ್ಯೂಬ್ ತನ್ನಷ್ಟಕ್ಕೆ ಮುಂದಿನದ್ದು ಹಾಕಿಕೊಂಡು ಹೋಗದಂತೆ ಆಟೋಪ್ಲೇ ಬಂದ್ ಮಾಡಿ. ಪರಿಚಯದ ಗೊಂಬೆಯ ಮುಖ ಇಟ್ಟುಕೊಂಡು ಯಾರೋ ಮಾಡಿದ ಹಾಳುಮೂಳು ವೀಡಿಯೋಗಳು ಹಿಂದೆಯೇ ಬರುತ್ತವೆ.

ಛೋಟಾ ಭೀಮ್, ಮೋಟು ಪತ್ಲು

ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕ 2008ರಲ್ಲಿ ಛೋಟಾ ಭೀಮನನ್ನು ಪೋಗೋ ಚಾನೆಲ್ಲಿಗೆ ತಂದರು. ಧೋಲಕ್‌ಪುರ ಎನ್ನುವ ಊರು, ತಿಂದರೆ ಬಲ ಬರುವ ಲಡ್ಡು, ಗೆಳೆಯರಾದ ಚುಟ್ಕಿ, ರಾಜು, ಜಗ್ಗು, ಎದುರಾಳಿ ಕಾಲಿಯಾ. ಸೀರೆ, ಪಂಚೆ, ಜಾತ್ರೆ ಇರುವ ಊರು ನೋಡಿ ನಮ್ಮ ಮಕ್ಕಳಿಗೆ ಹತ್ತಿರ ಅನ್ನಿಸಿತು. ದೊಡ್ಡವರಿಗೆ ಮಾತ್ರ ಯಾಕೋ ಇದು ಒಗ್ಗುವುದಿಲ್ಲ.

ಒಂದು ಕಾರಣ ಹೆಸರಿನಲ್ಲೇ ಇದೆ. ಭೀಮ ಅಂದರೆ ನಮ್ಮ ಕಡೆಯ ಹಿರಿಯರಿಗೆ ಯಕ್ಷಗಾನದ ಗದಾಯುದ್ಧ ಪ್ರಸಂಗ ನೆನಪಾಗುತ್ತದೆ. ಕೊಳದಲ್ಲಿ ಅಡಗಿದ ಕೌರವನನ್ನು ಭೀಮ ಮಾತಿನಲ್ಲೇ ಚುಚ್ಚಿ ಮೇಲಕ್ಕೆ ಎಬ್ಬಿಸುತ್ತಾನೆ. ಆ ಮಾತಿಗಾಗಿಯೇ ಜನ ಬೆಳಗಿನವರೆಗೆ ಕೂರುತ್ತಾರೆ. ಧೋಲಕ್‌ಪುರದ ಭೀಮ ಲಡ್ಡು ತಿಂದು ಗುದ್ದುತ್ತಾನೆ, ಕಥೆ ಮುಗಿಯಿತು. ಇವನು ಮಹಾಭಾರತದ ಭೀಮ ಅಲ್ಲವೇ ಅಲ್ಲ ಅಂತ ತಿಳಿದು ಕೂತರೆ ಅರ್ಧ ಸಿಟ್ಟು ಇಳಿಯುತ್ತದೆ. ಇನ್ನರ್ಧ ಉಳಿಯುತ್ತದೆ, ಯಾಕೆಂದರೆ ರಾಜ ಇಂದ್ರವರ್ಮ ಸೇರಿ ಅಲ್ಲಿನ ದೊಡ್ಡವರಿಗೆ ಏನೂ ಮಾಡಲು ಬರುವುದಿಲ್ಲ. ಊರಿಗೆ ಏನೇ ಬಂದರೂ ಒಬ್ಬ ಹುಡುಗನನ್ನು ಕರೆಯುತ್ತಾರೆ. ಐದು ವರ್ಷದವರಿಗೆ ಇದಕ್ಕಿಂತ ದೊಡ್ಡ ಸುಖ ಉಂಟಾ? ನಲವತ್ತು ವರ್ಷದವರಿಗೆ ಅದರಲ್ಲಿ ಸುಖ ಸಿಗುವುದು ಕಷ್ಟ.

ಆದರೂ ಇದನ್ನು ತಳ್ಳಿಹಾಕಬೇಡಿ. ಕಥೆ ಪೂರ್ತಿ ಮಾತಿನಲ್ಲೇ ನಡೆಯುತ್ತದೆ. ಕಿವಿಯಲ್ಲೇ ಕೇಳಿ "ಈಗ ಯಾರು ಬಂದ?" ಅಂತ ಕೇಳುತ್ತಾ ಕೆಲಸ ಮಾಡಬಹುದು. ಅಡಿಕೆ ಸುಲಿಯುವ ಮನೆಗೆ, ಅಡುಗೆಮನೆಯಲ್ಲಿ ಇರುವ ಅಮ್ಮನಿಗೆ ಇದೇ ಸರಿ.

ಮೋಟು ಪತ್ಲು 2012ರಿಂದ ನಿಕ್ ಚಾನೆಲ್ಲಿನಲ್ಲಿ ಬರುತ್ತಿದೆ. ಮೂಲ ಲೋಟ್‌ಪೋಟ್ ಎನ್ನುವ ಹಿಂದಿ ಮಕ್ಕಳ ಪತ್ರಿಕೆ. ಇಲ್ಲಿ ನಾಯಕರೇ ದೊಡ್ಡವರು, ಆದರೆ ನಡೆದುಕೊಳ್ಳುವುದು ಮಕ್ಕಳ ಹಾಗೆ. ಸಮೋಸ, ಓಟ, ಕೂಗಾಟ. ನನಗೆ ಇದರ ಸದ್ದೇ ಆಗುವುದಿಲ್ಲ, ಅಷ್ಟೇ ಹೇಳುತ್ತೇನೆ.

ಡೋರೇಮಾನ್

ಇದರ ಮೇಲೆ ಹೆಚ್ಚು ದೂರು ಬರುವುದು ಅಮ್ಮಂದಿರಿಂದ. "ಆ ನೋಬಿತಾ ಸೋಮಾರಿ, ಅಳುಮುಂಜಿ, ಎಲ್ಲದಕ್ಕೂ ಡೋರೇಮಾನ್ ಬೇಕು." ಫುಜಿಕೊ ಎಫ್. ಫುಜಿಯೊ 1969ರ ಕೊನೆಯಲ್ಲಿ ಜಪಾನಿನ ಮಕ್ಕಳ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದ ಚಿತ್ರಕಥೆ ಇದು. 22ನೇ ಶತಮಾನದಿಂದ ಬಂದ ಬೆಕ್ಕು ರೋಬೋಟ್ ಡೋರೇಮಾನ್, ನೋಬಿತಾ ಎನ್ನುವ ಹುಡುಗನಿಗೆ ಹೊಟ್ಟೆಯ ಜೇಬಿನಿಂದ ಏನೇನೋ ಯಂತ್ರ ತೆಗೆದುಕೊಡುತ್ತದೆ. ಆದರೆ ಪೂರ್ತಿ ಕಂತು ಕೂತು ನೋಡಿದರೆ ಬೇರೆಯದೇ ಕಾಣುತ್ತದೆ. ಯಂತ್ರ ಕೈಗೆ ಬಂದ ಮೇಲೆ ನೋಬಿತಾ ಅತಿಯಾಸೆ ಮಾಡುತ್ತಾನೆ, ಕೊನೆಗೆ ಅದೇ ಅವನ ಮೇಲೆ ತಿರುಗಿಬೀಳುತ್ತದೆ. ಹೆಚ್ಚಿನ ಕಂತುಗಳಿಗೆ ಇದೇ ಎಲುಬು. ಅರ್ಧಕ್ಕೆ ಎದ್ದು ಹೋಗುವ ದೊಡ್ಡವರಿಗೆ ಸೋಮಾರಿತನ ಮಾತ್ರ ಕಾಣುತ್ತದೆ, ಫಜೀತಿ ಕಾಣುವುದಿಲ್ಲ.

ದೊಡ್ಡವರಿಗೆ ಇಲ್ಲಿ ಇನ್ನೊಂದು ದಾರಿ ಇದೆ. ಮಕ್ಕಳು ದಿನಾ ಸೇರುವ ಖಾಲಿ ಜಾಗ ನೋಡಿ. ಮೂಲೆಯಲ್ಲಿ ಸಿಮೆಂಟ್ ಪೈಪು ಒಟ್ಟಿರುತ್ತದೆ. ಅಲ್ಲೇ ಆಟ, ಅಲ್ಲೇ ಜಗಳ, ದಾಂಡಿಗ ಗೆಳೆಯ ಜಿಯಾನ್‌ನ ಕರ್ಣಕಠೋರ ಹಾಡೂ ಅಲ್ಲೇ. ಗದ್ದೆ ಕೊಯ್ಲಾದ ಮೇಲೆ ಬಯಲಿನಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ, ಕಡಲ ದಂಡೆಯಲ್ಲಿ ಚೆಂಡು ಒದ್ದವರಿಗೆ ಆ ಜಾಗದ ಬೆಲೆ ತಕ್ಷಣ ತಿಳಿಯುತ್ತದೆ. ಪಕ್ಕದಲ್ಲಿ ಕೂತ ಮಗುವಿಗೆ ಅಂಥ ಜಾಗ ಇಲ್ಲ ಅನ್ನೋದೂ ನೆನಪಾಗುತ್ತದೆ. ಇನ್ನೊಂದು ಕಥೆಯಲ್ಲಿ ನೋಬಿತಾ ಟೈಮ್ ಮೆಷಿನ್ ಹತ್ತಿ ತೀರಿಹೋದ ಅಜ್ಜಿಯನ್ನು ನೋಡಲು ಹೋಗುತ್ತಾನೆ. ಮಕ್ಕಳು ಟೈಮ್ ಮೆಷಿನ್ ನೋಡುತ್ತಾರೆ. ದೊಡ್ಡವರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಆರೇಳು ವರ್ಷದ ಮೇಲಿನ ಮಕ್ಕಳಿಗೆ, ಸ್ವಲ್ಪ ಹಿಂದಿ ಬಲ್ಲ ಅಪ್ಪ ಅಮ್ಮಂದಿರಿಗೆ ಇದು ಒಳ್ಳೆಯ ಜೋಡಿ. ಅಜ್ಜ ಅಜ್ಜಿಯಾದರೆ ಕನ್ನಡ ಧ್ವನಿಯಲ್ಲಿ ಸಿಕ್ಕರೆ ಮಾತ್ರ ಹಾಕಿ.

ಶಿನ್‌ಚಾನ್

ಮಗ ಎದ್ದು ಹೋದ ಮೇಲೂ ಕೂತು ನೋಡುವವರಲ್ಲಿ ಹೆಚ್ಚಿನವರು ನೋಡುವುದು ಇದನ್ನೇ ಅಂತ ನನ್ನ ಅನುಮಾನ. ಅದಕ್ಕೆ ಸರಿಯಾದ ಕಾರಣವೂ ಇದೆ. ಯೊಶಿತೊ ಉಸುಯಿ ಇದನ್ನು 1990ರಲ್ಲಿ ಬರೆದದ್ದು ದೊಡ್ಡವರು ಓದುವ ಚಿತ್ರಕಥೆ ಪತ್ರಿಕೆಗೆ. ಟಿವಿಗೆ ಬಂದದ್ದು 1992ರಲ್ಲಿ. ಮುಖ ಮಕ್ಕಳದ್ದು, ಒಳಗಿರುವುದು ಸಂಸಾರ. ಅಪ್ಪ ಹಿರೋಶಿ ದಿನಾ ಟ್ರೇನ್ ಹತ್ತಿ ಟೋಕಿಯೋಗೆ ನೌಕರಿಗೆ ಹೋಗುತ್ತಾನೆ, ಮನೆ ಸಾಲ ಮುಗಿಯುವ ಲಕ್ಷಣ ಇಲ್ಲ, ಕಾಲುಚೀಲ ನಾರುತ್ತದೆ. ಅಮ್ಮ ಮಿಸಾಯೆ ಸೇಲ್‌ನಲ್ಲಿ ದುಡ್ಡು ಉಳಿಸಲು ಹೋಗಿ ಜಾಸ್ತಿ ಖರ್ಚು ಮಾಡಿ ಬರುತ್ತಾಳೆ. ಸಾಲದ ಕಂತು ಕಟ್ಟುವವರೆಲ್ಲ ಇಲ್ಲಿ ತಮ್ಮ ಮನೆಯನ್ನೇ ನೋಡುತ್ತಾರೆ.

ಹಾಗಂತ ಮಗುವಿಗೂ ಇದೇ ಒಳ್ಳೆಯದು ಅಂತ ಹೇಳಲಾರೆ. ಶಿನ್‌ಚಾನ್ ಐದು ವರ್ಷದ ಹುಡುಗ. ಅವನ ಎದುರುತ್ತರ, ಹೆಂಗಸರ ಹಿಂದೆ ಬೀಳುವ ಚೇಷ್ಟೆ, ಚಡ್ಡಿ ಜಾರಿಸಿ ಕುಣಿಯುವುದು ದೊಡ್ಡವರಿಗೆ ನಗು ಬರಿಸುವುದು ನಮಗೆ ಅದು ತಪ್ಪು ಅಂತ ಗೊತ್ತಿರುವುದರಿಂದ. ಐದು ವರ್ಷದವನು ಅದನ್ನು ಪಾಠ ಅಂತಲೇ ಕಲಿಯುತ್ತಾನೆ, ನೆಂಟರು ಬಂದಾಗಲೇ ಒಪ್ಪಿಸುತ್ತಾನೆ. ಹತ್ತು ದಾಟಿದ ಮಕ್ಕಳ ಜೊತೆ ಖುಷಿಯಾಗಿ ನೋಡಿ. ಸಣ್ಣವರಿದ್ದರೆ ಅವರು ಮಲಗಿದ ಮೇಲೆ ನೀವೊಬ್ಬರೇ ನೋಡಿ, ಯಾರೂ ಏನೂ ಅನ್ನುವುದಿಲ್ಲ.

ಪೆಪ್ಪಾ ಪಿಗ್ ಮತ್ತು ಬ್ಲೂಯಿ

ಪೆಪ್ಪಾ ಪಿಗ್ 2004ರ ಬ್ರಿಟನ್ನಿನದು, ಐದು ನಿಮಿಷದ ಕಂತು. ಮೂರು ನಾಲ್ಕು ವರ್ಷದವರಿಗೆ ಹೇಳಿ ಮಾಡಿಸಿದ್ದು, ದೊಡ್ಡವರಿಗೆ ಅಲ್ಲಿ ಏನೂ ಇಲ್ಲ. ಕೆಸರುಗುಂಡಿಯಲ್ಲಿ ಹಾರುವುದನ್ನು ಟಿವಿಯಲ್ಲಿ ತೋರಿಸುವ ಅಗತ್ಯ ನಮ್ಮ ಜಿಲ್ಲೆಯ ಮಕ್ಕಳಿಗೆ ಇದೆಯಾ ಅಂತಲೂ ನನಗೆ ಅನ್ನಿಸುತ್ತದೆ.

ಬ್ಲೂಯಿ ಅದೇ ವಯಸ್ಸಿನವರದ್ದು, ಆದರೆ ಬೇರೆಯೇ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಜೋ ಬ್ರಮ್ 2018ರಲ್ಲಿ ಶುರು ಮಾಡಿದ್ದು. ಒಂದು ನಾಯಿ ಕುಟುಂಬ: ಬ್ಲೂಯಿ, ತಂಗಿ ಬಿಂಗೊ, ಅಪ್ಪ ಬ್ಯಾಂಡಿಟ್, ಅಮ್ಮ ಚಿಲ್ಲಿ. ಕಂತು ಏಳು ನಿಮಿಷ. ಅಪ್ಪನಿಗೆ ಸುಸ್ತಾಗಿರುತ್ತದೆ, ಸೋಫಾ ಬಿಟ್ಟು ಏಳಲು ಮನಸ್ಸಿರುವುದಿಲ್ಲ, ಆದರೂ ಆಟಕ್ಕೆ ಎಳೆಯುತ್ತಾರೆ. ಅಪ್ಪ ಅಮ್ಮನ ಬೇಸರ, ಅವರಿಬ್ಬರ ಕಣ್ಸನ್ನೆ, ಅರ್ಧ ಮನಸ್ಸಿನ ಒಪ್ಪಿಗೆ ಎಲ್ಲವನ್ನೂ ಮರೆಮಾಚದೆ ತೋರಿಸುತ್ತಾರೆ. ಸಣ್ಣ ಮಕ್ಕಳಿರುವ ಅಪ್ಪಂದಿರಿಗೆ ಒಂದೇ ಒಂದು ಹೇಳಿ ಅಂದರೆ ನಾನು ಹೇಳುವುದು ಇದನ್ನೇ. ಒಂದೇ ತೊಂದರೆ, ಅದನ್ನು ನೋಡಿದ ಮೇಲೆ ನಿಮ್ಮ ಮಕ್ಕಳೂ ನಿಮ್ಮನ್ನು ಎಬ್ಬಿಸುತ್ತಾರೆ. ಬಲೂನು ನೆಲಕ್ಕೆ ಬೀಳದ ಹಾಗೆ ತಟ್ಟುತ್ತಾ ಇರುವ ಒಂದು ಕಂತಿದೆ; ಕರೆಂಟ್ ಹೋದಾಗ ಜಗುಲಿಯ ಮೇಲೆ ಆಡಲು ಅದಕ್ಕಿಂತ ಸುಲಭದ ಆಟ ಇಲ್ಲ, ಖರ್ಚು ಒಂದು ಬಲೂನು.

ಆದರೆ ಮಾತು ಆಸ್ಟ್ರೇಲಿಯಾದ ಇಂಗ್ಲಿಷ್. ಅಜ್ಜಿಗೆ ಸುಮ್ನೆ ಬಣ್ಣ ಓಡಾಡಿದ ಹಾಗೆ ಕಾಣುತ್ತದೆ. ಹಣ ಕಟ್ಟುವ ಆ್ಯಪ್‌ನಲ್ಲಿ ಹುಡುಕಬೇಕಾಗಬಹುದು.

ಸಣ್ಣ ಕಂತಿನಿಂದ ಇನ್ನೊಂದು ಲಾಭ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷ ತುಂಬದವರಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಅಂತ. "ಇನ್ನು ಎರಡು ಕಂತು, ಆಮೇಲೆ ಬಂದ್" ಎಂದು ಮೊದಲೇ ಹೇಳಿ ಹಾಗೇ ನಿಲ್ಲಿಸಲು ಏಳು ನಿಮಿಷದ ಕಂತು ಅನುಕೂಲ.

ಟೊಟೊರೊ

ಇದು ಸರಣಿ ಅಲ್ಲ, 1988ರ ಜಪಾನಿ ಸಿನಿಮಾ, 86 ನಿಮಿಷ. ಮಾಡಿದ್ದು ಹಯಾವೊ ಮಿಯಾಜಾಕಿ. ಅಮ್ಮ ಆಸ್ಪತ್ರೆಯಲ್ಲಿ, ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿಯ ಹಳೇ ಮನೆಗೆ ಬರುತ್ತಾನೆ. ಖಳನಾಯಕ ಇಲ್ಲ, ಹೊಡೆದಾಟ ಇಲ್ಲ.

ಒಂದು ದೃಶ್ಯ ಹೇಳುತ್ತೇನೆ. ಸಂಜೆ ಕತ್ತಲಾಗುತ್ತಿದೆ, ಮಳೆ ಬೀಳುತ್ತಿದೆ. ಅಪ್ಪ ಬರುವ ಬಸ್ಸಿಗೆ ಕಾಯುತ್ತಾ ಅಕ್ಕ ಕೊಡೆ ಹಿಡಿದು ನಿಂತಿದ್ದಾಳೆ, ತಂಗಿಗೆ ನಿದ್ದೆ ಬಂದು ಅಕ್ಕ ಬೆನ್ನ ಮೇಲೆ ಹೊತ್ತಿದ್ದಾಳೆ. ಪಕ್ಕದಲ್ಲಿ ಒಂದು ಭಾರೀ ಪ್ರಾಣಿ ಬಂದು ನಿಲ್ಲುತ್ತದೆ, ಅದೇ ಟೊಟೊರೊ, ಅದರ ತಲೆಯ ಮೇಲೆ ಬರೀ ಒಂದು ಎಲೆ. ಅಕ್ಕ ಅಪ್ಪನಿಗೆಂದು ತಂದ ಕೊಡೆ ಕೊಡುತ್ತಾಳೆ. ಮರದಿಂದ ಹನಿ ಕೊಡೆಯ ಮೇಲೆ ಟಪ್ ಅಂತ ಬೀಳುತ್ತದೆ. ಪ್ರಾಣಿಗೆ ಆ ಸದ್ದು ಇಷ್ಟವಾಗಿ ಎಗರಿ ನೆಲಕ್ಕೆ ಬೀಳುತ್ತದೆ, ಮರದ ನೀರೆಲ್ಲ ಒಮ್ಮೆಗೇ ಸುರಿಯುತ್ತದೆ. ಮಳೆಗಾಲದಲ್ಲಿ ಕೊನೆಯ ಬಸ್ಸಿಗೆ ಕಾದು ಗೊತ್ತಿರುವ ಘಟ್ಟದ ಮೇಲಿನವರಿಗೆ ಈ ದೃಶ್ಯ ಅರ್ಥವಾಗಲು ಯಾವ ಭಾಷೆಯೂ ಬೇಡ.

ನಿಧಾನ ಇದರ ಗುಣ, ಅದೇ ಇದರ ತೊಂದರೆ. ನಾಲ್ಕು ವರ್ಷದವರು ಅರ್ಧಕ್ಕೆ ಎದ್ದು ಹೋಗಬಹುದು. ಅಮ್ಮನ ಕಾಯಿಲೆಯ ಭಾಗದಲ್ಲಿ ಕೆಲವು ಮಕ್ಕಳು ಅಳುತ್ತಾರೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿ ಇದ್ದರೆ ಈಗ ಬೇಡ, ಮುಂದೆ ನೋಡಿ. ಸರಿಯಾದ ಪ್ರತಿ ಬೇಕೆಂದರೆ ಹಣ ಕಟ್ಟುವ ಆ್ಯಪ್ ಬೇಕು. ವೈಫೈ ಚೆನ್ನಾಗಿರುವ ಕಡೆ ಇಳಿಸಿಟ್ಟುಕೊಳ್ಳಿ.

ಹಾಗಾದರೆ ನಿಮ್ಮ ಮನೆಗೆ?

ಅಜ್ಜ ಅಜ್ಜಿಯ ಜೊತೆ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವವರಾದರೆ ಪಿಂಗು, ಶಾನ್ ಮೊಬೈಲಿನಲ್ಲಿ ಇಳಿಸಿಕೊಟ್ಟು ಹೋಗಿ. ಟಿವಿಯಲ್ಲಾದರೆ ಕನ್ನಡ ಧ್ವನಿಯ ಚಾನೆಲ್ ಹುಡುಕಿ ಅದರ ನಂಬರ್ ಬರೆದು ರಿಮೋಟಿನ ಹಿಂದೆ ಚೀಟಿ ಅಂಟಿಸಿಡಿ. ಹೆಚ್ಚಿಗೆ ಹಣ ಹಾಕಲು ಮನಸ್ಸಿಲ್ಲದ, ಎಲ್ಲ ವಯಸ್ಸಿನವರೂ ಇರುವ ಮನೆಗೆ ಟಾಮ್ ಅಂಡ್ ಜೆರ್ರಿಯೇ ಗಟ್ಟಿ, ಸಣ್ಣವರ ಪಕ್ಕ ಒಬ್ಬರು ಕೂತಿದ್ದರೆ ಆಯಿತು. ತಿಂಗಳಿಗೆ ಹಣ ಕಟ್ಟುವ ಆ್ಯಪ್ ಮನೆಯಲ್ಲಿ ಹೇಗೂ ಇದೆ ಅಂತಾದರೆ ಬ್ಲೂಯಿ ಸಿಗುತ್ತದಾ ಮೊದಲು ಹುಡುಕಿ, ಟೊಟೊರೊ ಭಾನುವಾರಕ್ಕೆ ಇಟ್ಟುಕೊಳ್ಳಿ.

ಆರು ವರ್ಷದ್ದೊಂದು, ಹನ್ನೊಂದರದ್ದೊಂದು ಇರುವ ಮನೆಯಲ್ಲಿ ರಿಮೋಟ್ ಜಗಳ ತಪ್ಪದು. ಅಲ್ಲಿ ನಾನು ಡೋರೇಮಾನ್ ಹಾಕುತ್ತೇನೆ. ದೊಡ್ಡದಕ್ಕೆ ಕಥೆ ಇದೆ, ಸಣ್ಣದಕ್ಕೆ ಯಂತ್ರಗಳಿವೆ, ನಮಗೆ ಆ ಖಾಲಿ ಜಾಗ ಇದೆ. ಅರ್ಧಕ್ಕೆ ಮಾತ್ರ ಏಳಬೇಡಿ.